ಗ್ಯಾಸ್ ದರ ಏರಿದರೆ ಗ್ಯಾಸ್ ಕಂಪನಿಗೆ ಲಾಭ ಆಗುತ್ತಾ?

ಪ್ರಶ್ನೆ: ಅಮೆರಿಕದ ನೈಸರ್ಗಿಕ ಅನಿಲ ಕಂಪನಿಗಳ ಷೇರುಗಳನ್ನು ಕೆಲವು ವರ್ಷಗಳಿಂದ ಗಮನಿಸುತ್ತಿದ್ದೇನೆ. ಎಲ್‌ಎನ್‌ಜಿ (ದ್ರವ ಮಾಡಿ ಹಡಗಿನಲ್ಲಿ ಕಳಿಸುವ ಗ್ಯಾಸ್) ರಫ್ತು ಏರುತ್ತಿದೆ, ಡೇಟಾ ಸೆಂಟರ್‌ಗಳಿಗೆ ಕರೆಂಟ್ ಬೇಕು, ಇನ್ನು ಗ್ಯಾಸ್‌ಗೆ ಒಳ್ಳೆಯ ಕಾಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬೇಡಿಕೆ ಏರುತ್ತಲೇ ಇದ್ದ ವರ್ಷಗಳಲ್ಲೇ ದೊಡ್ಡ ಕಂಪನಿಗಳು ದಿವಾಳಿ ಆಗಿದ್ದನ್ನೂ ನೋಡಿದ್ದೇನೆ. ದರ ಏರಿದರೆ ಉತ್ಪಾದಕರಿಗೆ ನಿಜಕ್ಕೂ ದುಡ್ಡು ಉಳಿಯುತ್ತಾ? ಮುಂದಿನ ವರ್ಷಗಳನ್ನು ಹೇಗೆ ನೋಡಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಬೇಡಿಕೆ ಹೆಚ್ಚುತ್ತದೆ ಅನ್ನುವುದರಲ್ಲಿ ನನಗೆ ಸಂದೇಹ ಇಲ್ಲ. ಆದರೆ ಗ್ಯಾಸ್‌ಗೆ ಬೇಡಿಕೆ ಹೆಚ್ಚುವುದು ಒಂದು ವಿಷಯ, ಗ್ಯಾಸ್ ತೆಗೆಯುವವರಿಗೆ ದುಡ್ಡು ಉಳಿಯುವುದು ಬೇರೆಯೇ ವಿಷಯ. ಈ ಎರಡನ್ನೂ ಒಂದೇ ಅಂದುಕೊಂಡು ಕೈ ಸುಟ್ಟುಕೊಂಡವರು ಬಹಳ ಜನ. ಅವರಲ್ಲಿ ಸಣ್ಣ ಹೂಡಿಕೆದಾರರಷ್ಟೇ ಅಲ್ಲ, ಜಗತ್ತಿನ ಅತಿ ದೊಡ್ಡ ತೈಲ ಕಂಪನಿಗಳೂ ಇವೆ.

ಮೊದಲು ದರ ಹೇಗೆ ಓಡಾಡಿದೆ ನೋಡಿ. ಅಮೆರಿಕದಲ್ಲಿ ಗ್ಯಾಸ್ ದರ ಅಂದರೆ ಸಾಮಾನ್ಯವಾಗಿ ಹೆನ್ರಿ ಹಬ್ ದರ. ಲೂಯಿಸಿಯಾನಾದ ಎರಾತ್ ಎಂಬ ಸಣ್ಣ ಊರಿನ ಬಳಿ ಹಲವು ಪೈಪ್‌ಲೈನ್‌ಗಳು ಬಂದು ಕೂಡುವ ಜಾಗ ಅದು. 1990ರಿಂದ ನ್ಯೂಯಾರ್ಕಿನ ಫ್ಯೂಚರ್ಸ್ ವಹಿವಾಟಿಗೆ, ಅಂದರೆ ಮುಂದೆ ಕೊಡುವ ಗ್ಯಾಸ್‌ಗೆ ಈಗಲೇ ದರ ಕಟ್ಟುವ ವ್ಯಾಪಾರಕ್ಕೆ, ಅದೇ ಆಧಾರ. ದರವನ್ನು ಹತ್ತು ಲಕ್ಷ ಬಿಟಿಯು (ಶಾಖದ ಒಂದು ಅಳತೆ) ಶಾಖಕ್ಕೆ ಇಷ್ಟು ಡಾಲರ್ ಅಂತ ಹೇಳುತ್ತಾರೆ. ಇಲ್ಲಿ ನಾನು ಬರೀ ಡಾಲರ್ ಅಂದಾಗ ಆ ಅಳತೆಯೇ ಅಂದುಕೊಳ್ಳಿ.

2005ರಲ್ಲಿ ಕತ್ರಿನಾ, ರೀಟಾ ಚಂಡಮಾರುತಗಳು ಮೆಕ್ಸಿಕೋ ಕೊಲ್ಲಿಯ ಉತ್ಪಾದನೆಯನ್ನು ಹಾಳುಮಾಡಿದ ಮೇಲೆ ದರ 15 ಡಾಲರ್ ದಾಟಿತ್ತು. 2008ರ ಬೇಸಿಗೆಯಲ್ಲಿ 13 ದಾಟಿತು. 2012ರ ಏಪ್ರಿಲ್‌ನಲ್ಲಿ 2 ಡಾಲರ್‌ಗಿಂತ ಕೆಳಗೆ ಬಿತ್ತು. 2020ರಲ್ಲಿ ಒಂದೂವರೆಯ ಹತ್ತಿರ. 2022ರ ಆಗಸ್ಟ್‌ನಲ್ಲಿ 10ರ ಸಮೀಪ. ಎರಡೇ ವರ್ಷ ಬಿಟ್ಟು, 2024ರಲ್ಲಿ ಇಡೀ ವರ್ಷದ ಸರಾಸರಿ ಸುಮಾರು 2.2 ಡಾಲರ್. ಇಪ್ಪತ್ತು ವರ್ಷದ ಬೆಲೆಯೇರಿಕೆಯನ್ನು ಲೆಕ್ಕ ಹಾಕಿದರೆ ಇದು ತೀರಾ ಅಗ್ಗ. ಇದೇ ಅವಧಿಯಲ್ಲಿ ಅಮೆರಿಕದ ಉತ್ಪಾದನೆ ದುಪ್ಪಟ್ಟಾಯಿತು. 2005ರಲ್ಲಿ ವರ್ಷಕ್ಕೆ ಸುಮಾರು 18 ಲಕ್ಷ ಕೋಟಿ ಘನ ಅಡಿ ಇದ್ದದ್ದು 2023ರ ಹೊತ್ತಿಗೆ 37 ಲಕ್ಷ ಕೋಟಿ ದಾಟಿತು.

ಇಷ್ಟೊಂದು ಗ್ಯಾಸ್ ಎಲ್ಲಿಂದ ಬಂತು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ. ಟೆಕ್ಸಸ್‌ನ ಬಾರ್ನೆಟ್ ಎಂಬ ಕಡೆ ಶೇಲ್ ಎಂಬ ಪದರ ಪದರದ ಬಂಡೆಯೊಳಗೆ ಗ್ಯಾಸ್ ಇರುವುದು ಎಲ್ಲರಿಗೂ ಗೊತ್ತಿತ್ತು. ತೆಗೆಯುವುದು ಹೇಗೆ ಅಂತ ಗೊತ್ತಿರಲಿಲ್ಲ. ಜಾರ್ಜ್ ಮಿಚೆಲ್ ಅವರ ಕಂಪನಿ ವರ್ಷಗಟ್ಟಲೆ ಬಿಡದೆ ಪ್ರಯತ್ನಿಸಿ, 1990ರ ದಶಕದ ಕೊನೆಯಲ್ಲಿ ಒತ್ತಡದ ನೀರಿನಿಂದ ಬಂಡೆ ಸೀಳುವ ಅಗ್ಗದ ದಾರಿ ಕಂಡುಕೊಂಡಿತು. 2002ರಲ್ಲಿ ಡೆವೊನ್ ಕಂಪನಿ ಅದನ್ನು ಕೊಂಡು, ಅಡ್ಡಡ್ಡ ಕೊರೆಯುವ ತಂತ್ರವನ್ನು ಜೊತೆಗೆ ಸೇರಿಸಿತು. ಆಮೇಲೆ ಪೆನ್ಸಿಲ್ವೇನಿಯಾದ ಮಾರ್ಸೆಲಸ್, ಲೂಯಿಸಿಯಾನಾದ ಹೇನ್ಸ್‌ವಿಲ್ ಹೀಗೆ ಒಂದಾದ ಮೇಲೊಂದು ತೆರೆದುಕೊಂಡವು.

ಇದರ ಪರಿಣಾಮ ಒಂದು ಅಂಕಿಯಲ್ಲಿ ಚೆನ್ನಾಗಿ ಕಾಣುತ್ತದೆ. ಬೇಕರ್ ಹ್ಯೂಸ್ ಎಂಬ ಕಂಪನಿ ಪ್ರತಿ ವಾರ ರಿಗ್‌ಗಳ, ಅಂದರೆ ಬಾವಿ ಕೊರೆಯುವ ಯಂತ್ರಗಳ, ಲೆಕ್ಕ ಕೊಡುತ್ತದೆ. 2008ರಲ್ಲಿ ಅಮೆರಿಕದಲ್ಲಿ ಗ್ಯಾಸ್‌ಗಾಗಿ ಕೊರೆಯುತ್ತಿದ್ದ ರಿಗ್‌ಗಳು 1,600ಕ್ಕೂ ಹೆಚ್ಚು. 2024ರಲ್ಲಿ ಅದು ನೂರರ ಆಸುಪಾಸಿಗೆ ಇಳಿಯಿತು. ಆದರೂ ಉತ್ಪಾದನೆ ದಾಖಲೆ ಮಟ್ಟದ ಹತ್ತಿರವೇ ಇತ್ತು. ಒಂದು ರಿಗ್ ಈಗ ಮಾಡುವ ಕೆಲಸ ಆಗಿನದಕ್ಕೆ ಹೋಲಿಕೆಯೇ ಅಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಅದ್ಭುತ ಸಾಧನೆ. ಆದರೆ ಒಂದು ಕಂಪನಿ ಅಗ್ಗವಾಗಿ ತೆಗೆಯಲು ಕಲಿತರೆ ಅದಕ್ಕೆ ಲಾಭ. ಎಲ್ಲ ಕಂಪನಿಗಳೂ ಕಲಿತರೆ ಲಾಭ ಕೊಳ್ಳುವವರಿಗೆ ಹೋಗುತ್ತದೆ. ಇಲ್ಲಿ ಆಗಿದ್ದು ಅದೇ. ಒಬ್ಬರ ಗ್ಯಾಸ್‌ಗೂ ಇನ್ನೊಬ್ಬರ ಗ್ಯಾಸ್‌ಗೂ ವ್ಯತ್ಯಾಸ ಇಲ್ಲ. ಬ್ರ್ಯಾಂಡ್ ಇಲ್ಲ. ಯಾರು ಅಗ್ಗವಾಗಿ ಕೊಡುತ್ತಾರೋ ಅವರದೇ ಮಾರಾಟ.

ಎಕ್ಸಾನ್‌ಮೊಬಿಲ್ ಉದಾಹರಣೆ ನೋಡಿ. ಶೇಲ್ ಗ್ಯಾಸ್‌ನಲ್ಲಿ ಪಳಗಿದ ಎಕ್ಸ್‌ಟಿಒ ಕಂಪನಿಯನ್ನು 2010ರಲ್ಲಿ ಕೊಂಡಿತು. ಸಾಲವೂ ಸೇರಿ ಸುಮಾರು 41 ಶತಕೋಟಿ ಡಾಲರ್ ವ್ಯವಹಾರ ಅದು. ಎರಡೇ ವರ್ಷದಲ್ಲಿ ದರ 2 ಡಾಲರ್ ಮುಟ್ಟಿತು. ಬೇಡಿಕೆಯ ಬಗ್ಗೆ ಅವರ ಅಂದಾಜು ತಪ್ಪಾಗಿರಲಿಲ್ಲ, ಅಮೆರಿಕದಲ್ಲಿ ಗ್ಯಾಸ್ ಬಳಕೆ ಏರಿತು, ಕಲ್ಲಿದ್ದಲು ಹಿಂದೆ ಬಿತ್ತು. ಆದರೂ 2020ರ ಕೊನೆಯಲ್ಲಿ ಎಕ್ಸಾನ್ ತನ್ನ ಲೆಕ್ಕಪುಸ್ತಕದಿಂದ ಸುಮಾರು 19 ಶತಕೋಟಿ ಡಾಲರ್ ಮೌಲ್ಯವನ್ನು ತೆಗೆದುಹಾಕಬೇಕಾಯಿತು. ಅದರಲ್ಲಿ ದೊಡ್ಡ ಪಾಲು ಗ್ಯಾಸ್ ಆಸ್ತಿಗಳದ್ದು. ಅದೇ ವರ್ಷದ ಜೂನ್‌ನಲ್ಲಿ ಚೆಸಪೀಕ್ ಎನರ್ಜಿ ದಿವಾಳಿ ಅರ್ಜಿ ಹಾಕಿತು. ಒಂದು ಕಾಲಕ್ಕೆ ಶೇಲ್ ಗ್ಯಾಸ್ ಅಂದರೆ ಚೆಸಪೀಕ್ ಅನ್ನುವಂತಿತ್ತು. ಕೊನೆಗೆ ಅದರ ತಲೆಮೇಲೆ ಸುಮಾರು 9 ಶತಕೋಟಿ ಡಾಲರ್ ಸಾಲ. ಗ್ಯಾಸ್ ಸಿಗಲಿಲ್ಲ ಅಂತ ಮುಳುಗಿದ್ದಲ್ಲ. ಸಾಲ ತಂದು, ಬೇಕಾದದ್ದಕ್ಕಿಂತ ಜಾಸ್ತಿ ಗ್ಯಾಸ್ ತೆಗೆದು ಮುಳುಗಿತು.

ಹಾಗಾದರೆ ದರ ಬಿದ್ದಾಗ ಇವರು ಸುಮ್ನೆ ಬಾವಿ ಮುಚ್ಚಿ ಕೂರಬಾರದಾ ಅಂತ ನೀವು ಕೇಳಬಹುದು. ಅಷ್ಟು ಸುಲಭ ಅಲ್ಲ. ಶೇಲ್ ಬಾವಿ ಮೊದಲ ವರ್ಷ ಭರ್ಜರಿಯಾಗಿ ಹರಿಯುತ್ತದೆ. ವರ್ಷ ಮುಗಿಯುವುದರೊಳಗೆ ಆ ಹರಿವು ಅರ್ಧಕ್ಕಿಂತ ಕೆಳಗೆ ಬಂದಿರುತ್ತದೆ. ಹಾಗಾಗಿ ಉತ್ಪಾದನೆ ಇದ್ದ ಜಾಗದಲ್ಲೇ ಇರಬೇಕಾದರೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಈ ಉದ್ಯಮದಲ್ಲಿ ಇದನ್ನು ಟ್ರೆಡ್‌ಮಿಲ್ ಅಂತಲೇ ಕರೆಯುತ್ತಾರೆ. ಓಡದೇ ಇದ್ದರೆ ಹಿಂದೆ ಹೋಗುತ್ತೀರಿ. ಸಾಲದ ಬಡ್ಡಿ ಕಟ್ಟಬೇಕು. ಪೈಪ್‌ಲೈನ್ ಕಂಪನಿಗೆ ಕೊಟ್ಟ ಮಾತಿದೆ, ಗ್ಯಾಸ್ ಕಳಿಸಿದರೂ ಕಳಿಸದಿದ್ದರೂ ಬಾಡಿಗೆ ಕಟ್ಟಬೇಕು. ಭೂಮಿಯ ಗುತ್ತಿಗೆ ಉಳಿಯಬೇಕಾದರೆ ನಿಗದಿತ ಅವಧಿಯೊಳಗೆ ಕೊರೆಯಲೇಬೇಕು. 2010ರ ಸುಮಾರಿಗೆ ದರ ಬೀಳುತ್ತಿದ್ದರೂ ಕೊರೆತ ನಿಲ್ಲದೇ ಇದ್ದುದಕ್ಕೆ ಈ ಗುತ್ತಿಗೆ ಷರತ್ತು ಒಂದು ಮುಖ್ಯ ಕಾರಣ.

ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಗ್ಯಾಸ್ ದರದ ಬಗ್ಗೆ ಚಿಂತೆಯೇ ಇಲ್ಲದೆ ಗ್ಯಾಸ್ ತೆಗೆಯುವವರು ಇದ್ದಾರೆ. ಪಶ್ಚಿಮ ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೋದ ಪರ್ಮಿಯನ್ ಪ್ರದೇಶದಲ್ಲಿ ಕೊರೆಯುವುದು ಕಚ್ಚಾ ತೈಲಕ್ಕಾಗಿ. ಗ್ಯಾಸ್ ಜೊತೆಗೆ ಬಂದುಬಿಡುತ್ತದೆ. ತೈಲದಲ್ಲಿ ಲಾಭ ಇರುವ ತನಕ ಗ್ಯಾಸ್‌ಗೆ ಎಷ್ಟು ಸಿಕ್ಕಿದರೂ ಅವರಿಗೆ ಸರಿ. ಅಲ್ಲಿನ ವಾಹಾ ಹಬ್‌ನಲ್ಲಿ 2019ರಲ್ಲೂ ಆಮೇಲೂ ದರ ಸೊನ್ನೆಗಿಂತ ಕೆಳಗೆ ಹೋಗಿದೆ. 2024ರಲ್ಲಂತೂ ತಿಂಗಳುಗಟ್ಟಲೆ ಪದೇ ಪದೇ ಹೀಗಾಯಿತು. ಅಂದರೆ ಗ್ಯಾಸ್ ಕೊಟ್ಟವರೇ ದುಡ್ಡನ್ನೂ ಕೊಟ್ಟು ಸಾಗಹಾಕಬೇಕಾಯಿತು. ತೈಲದ ಹರಿವು ನಿಲ್ಲಿಸುವುದಕ್ಕಿಂತ ಅದೇ ಅಗ್ಗ ಅಂತ ಅವರ ಲೆಕ್ಕ. ಪರ್ಮಿಯನ್‌ನಿಂದ ಬರುವುದು ಅಮೆರಿಕದ ಒಟ್ಟು ಗ್ಯಾಸ್‌ನಲ್ಲಿ ಐದನೇ ಒಂದು ಭಾಗದಷ್ಟು. ಗ್ಯಾಸನ್ನೇ ನಂಬಿಕೊಂಡ ಪೆನ್ಸಿಲ್ವೇನಿಯಾದ ಕಂಪನಿಯೊಂದು ಎಷ್ಟೇ ಶಿಸ್ತಿನಿಂದ ಇದ್ದರೂ, ಈ ಪುಕ್ಕಟೆ ಗ್ಯಾಸ್ ಜೊತೆ ಪೈಪೋಟಿ ಮಾಡಲೇಬೇಕು. ಗ್ಯಾಸ್ ಷೇರು ಕೊಳ್ಳುವವರು ತೈಲದ ದರವನ್ನೂ ನೋಡಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ತೈಲ ಅಗ್ಗವಾಗಿ ಪರ್ಮಿಯನ್‌ನಲ್ಲಿ ಕೊರೆತ ಕಡಿಮೆಯಾದರೆ ಗ್ಯಾಸ್ ಕಂಪನಿಗೆ ಒಳ್ಳೆಯ ಸುದ್ದಿ. ಅಲ್ಲಿಂದ ಕರಾವಳಿಗೆ ಹೊಸ ಪೈಪ್‌ಲೈನ್ ತೆರೆದರೆ ಪರ್ಮಿಯನ್‌ನವರಿಗೆ ಒಳ್ಳೆಯದು, ಉಳಿದವರಿಗೆ ಇನ್ನಷ್ಟು ಪೈಪೋಟಿ. 2024ರಲ್ಲಿ ಶುರುವಾದ ಮ್ಯಾಟರ್‌ಹಾರ್ನ್ ಪೈಪ್‌ಲೈನ್ ಒಂದೇ ದಿನಕ್ಕೆ 250 ಕೋಟಿ ಘನ ಅಡಿ ಸಾಗಿಸಬಲ್ಲದು.

ಈಗ ದರವನ್ನು ದಿನದಿನಕ್ಕೆ ಕುಣಿಸುವುದು ಏನು ಅನ್ನುವುದಕ್ಕೆ ಬರೋಣ. ಹವಾಮಾನ ಮತ್ತು ದಾಸ್ತಾನು, ಇವೆರಡೇ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಗ್ಯಾಸನ್ನು ನೆಲದಡಿಯ ಹಳೆಯ ಬಾವಿಗಳಲ್ಲಿ, ಉಪ್ಪಿನ ಗುಹೆಗಳಲ್ಲಿ ತುಂಬಿಸುತ್ತಾರೆ. ನವೆಂಬರ್‌ನಿಂದ ಮಾರ್ಚ್ ತನಕ ತೆಗೆದು ಬಳಸುತ್ತಾರೆ. ಪ್ರತಿ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿ, ಇಂಧನ ಮಾಹಿತಿ ಇಲಾಖೆ ಇಐಎ ದಾಸ್ತಾನಿನ ಅಂಕಿ ಬಿಡುತ್ತದೆ. ಆ ಅಂಕಿ ನಿರೀಕ್ಷೆಗಿಂತ ಸ್ವಲ್ಪ ಆಚೀಚೆ ಆದರೂ ಸಾಕು, ನಿಮಿಷದೊಳಗೆ ದರ ಜಿಗಿಯುತ್ತದೆ ಇಲ್ಲವೇ ಕುಸಿಯುತ್ತದೆ. ದಾಸ್ತಾನು ಎಷ್ಟಿದೆ ಅನ್ನುವುದಕ್ಕಿಂತ, ವರ್ಷದ ಇದೇ ಹೊತ್ತಿನ ಐದು ವರ್ಷದ ಸರಾಸರಿಗಿಂತ ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಆ ವ್ಯತ್ಯಾಸವೇ ಮುಂದಿನ ಕೆಲವು ತಿಂಗಳ ದರಕ್ಕೆ ಒಳ್ಳೆಯ ಸೂಚನೆ. ನಾನೂ ಮೊದಲು ನೋಡುವುದು ಅದನ್ನೇ.

ಚಳಿಗಾಲ ಮುಗಿಯುವ ಹೊತ್ತಿಗೆ ದಾಸ್ತಾನು ಸಾಕಾಗುತ್ತಾ ಇಲ್ಲವಾ ಅನ್ನುವ ಜೂಜಿಗೆ ಇಳಿದು ದೊಡ್ಡ ದೊಡ್ಡವರೂ ಮುಳುಗಿದ್ದಾರೆ. 2006ರಲ್ಲಿ ಅಮರಾಂತ್ ಎಂಬ ದೊಡ್ಡ ಹೂಡಿಕೆ ನಿಧಿ (ಹೆಡ್ಜ್ ಫಂಡ್) ಕೆಲವೇ ವಾರಗಳಲ್ಲಿ 6 ಶತಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡು ಬಾಗಿಲು ಹಾಕಿತು. ಒಂದು ಚಳಿಗಾಲ ಬೆಚ್ಚಗಿದ್ದರೆ ಕಂಪನಿಯ ಇಡೀ ವರ್ಷದ ಲಾಭ ಮಾಯ. 2024ರ ಆರಂಭದಲ್ಲಿ ದರ ನೆಲ ಕಚ್ಚಿದ್ದು ಬೆಚ್ಚಗಿನ ಚಳಿಗಾಲದಿಂದಲೇ.

ತೀವ್ರ ಚಳಿ ಬಂದರೆ ಉತ್ಪಾದಕರಿಗೆ ಹಬ್ಬ ಅಂತಲೂ ಹೇಳಲು ಬರುವುದಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಸ್, ಒಕ್ಲಹೋಮಾಗಳಿಗೆ ಹಿಮದ ಬಿರುಗಾಳಿ ಬಡಿಯಿತು. ಒಕ್ಲಹೋಮಾದ ಒಂದು ಹಬ್‌ನಲ್ಲಿ ಒಂದು ಹಂತದಲ್ಲಿ ದರ 1,000 ಡಾಲರ್ ದಾಟಿತು. ಆದರೆ ಬಾವಿಯ ಬಾಯಿಗಳೇ ಹೆಪ್ಪುಗಟ್ಟಿದ್ದವು. ಟೆಕ್ಸಸ್‌ನ ಉತ್ಪಾದನೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮಾರುವುದಕ್ಕೆ ಗ್ಯಾಸ್ ಇದ್ದವರಿಗೆ ಭಾರಿ ಲಾಭ. ಕೊಡುತ್ತೇನೆ ಅಂತ ಮೊದಲೇ ಒಪ್ಪಿಕೊಂಡು, ಬಾವಿ ಹೆಪ್ಪುಗಟ್ಟಿದವರಿಗೆ ಅದೇ ದರದಲ್ಲಿ ಬೇರೆಯವರಿಂದ ಕೊಂಡು ಕೊಡುವ ಪಾಡು. ಅಷ್ಟೇ ಅಲ್ಲ, ಕರೆಂಟ್ ಹೋಗಿ ಚಳಿಯಲ್ಲಿ ಜನ ಸತ್ತರು. ಆ ವಾರದ ದರವನ್ನು ಬರೀ ಲಾಭದ ಅಂಕಿಯಾಗಿ ನೋಡಲು ನನಗೆ ಇವತ್ತಿಗೂ ಮನಸ್ಸಾಗುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಸುದ್ದಿಯಲ್ಲಿ ಬರುವ ದರಕ್ಕೂ ಕಂಪನಿಯ ಕೈಗೆ ಸಿಗುವುದಕ್ಕೂ ಎಷ್ಟು ದೂರ ಅಂತ ಆಗಲೇ ಗೊತ್ತಾಗುವುದು. ಅಂಕಿಗಳು ಬರೀ ಉದಾಹರಣೆಗೆ, ಆದರೆ ತೀರಾ ಅವಾಸ್ತವ ಅಲ್ಲ. ಭೂಮಾಲೀಕರ ರಾಯಲ್ಟಿ ಕಳೆದು ಕಂಪನಿಗೆ ಉಳಿಯುವ ಪಾಲಿನ ಲೆಕ್ಕ ಅಂದುಕೊಳ್ಳಿ.

ಹೆನ್ರಿ ಹಬ್ ದರ 3.50 ಡಾಲರ್. ನಮ್ಮ ಕಂಪನಿಯ ಬಾವಿ ಇರುವುದು ದೂರದ ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿ ಗ್ಯಾಸ್ ಧಾರಾಳ, ಹೊರಗೆ ಸಾಗಿಸುವ ಪೈಪ್ ಕಡಿಮೆ. ಹಾಗಾಗಿ ಸ್ಥಳೀಯ ದರ 70 ಸೆಂಟ್ ಕಡಿಮೆ. ಈ ಅಂತರಕ್ಕೆ ಬೇಸಿಸ್ ಅಂತಾರೆ. ಈಗ ಕೈಯಲ್ಲಿ 2.80. ಕಂಪನಿ ತನ್ನ ಅರ್ಧ ಗ್ಯಾಸನ್ನು ಮೊದಲೇ 3 ಡಾಲರ್‌ಗೆ ಹೆಡ್ಜ್ ಮಾಡಿಟ್ಟಿದೆ, ಅಂದರೆ ದರ ಏರಲಿ ಇಳಿಯಲಿ ಅಷ್ಟೇ ಸಿಗುವಂತೆ ಒಪ್ಪಂದ ಮಾಡಿಕೊಂಡಿದೆ. ದರ ಅದಕ್ಕಿಂತ ಐವತ್ತು ಸೆಂಟ್ ಮೇಲಿರುವುದರಿಂದ, ಅರ್ಧ ಗ್ಯಾಸ್ ಮೇಲಿನ ಆ ವ್ಯತ್ಯಾಸವನ್ನು ಕೊಟ್ಟುಬಿಡಬೇಕು. ಒಟ್ಟು ಗ್ಯಾಸ್ ಮೇಲೆ ಹಂಚಿದರೆ 25 ಸೆಂಟ್. ಉಳಿಯಿತು 2.55. ಬಾವಿಯಿಂದ ಗ್ಯಾಸ್ ಕೂಡಿಸಿ, ಸಾಗಿಸುವ ಖರ್ಚು 90 ಸೆಂಟ್. ಬಾವಿ ನಿರ್ವಹಣೆ, ತೆರಿಗೆ, ಆಫೀಸು ಎಲ್ಲ ಸೇರಿ 35. ಸಾಲದ ಬಡ್ಡಿ 20. ಉಳಿಯಿತು 1.10. ಬಹಳ ಜನ ಇಲ್ಲಿಗೇ ನಿಲ್ಲಿಸಿ, ಎಂಥ ಒಳ್ಳೆಯ ಲಾಭ ಅಂದುಬಿಡುತ್ತಾರೆ. ಆದರೆ ಬಾವಿಗಳ ಹರಿವು ಇಳಿಯುತ್ತಿದೆಯಲ್ಲ, ಉತ್ಪಾದನೆ ಇದ್ದಷ್ಟೇ ಇರಬೇಕಾದರೆ ಹೊಸದಾಗಿ ಕೊರೆಯಬೇಕು. ಅದಕ್ಕೆ 70 ಸೆಂಟ್. ಕೊನೆಗೆ ಷೇರುದಾರರ ಪಾಲಿಗೆ ಉಳಿದದ್ದು 40 ಸೆಂಟ್.

ಈಗ ದರ 4 ಡಾಲರ್ ಆಗಲಿ. ಹೆಡ್ಜ್ ಮಾಡದ ಅರ್ಧದ ಮೇಲೆ ಮಾತ್ರ ಲಾಭ, ಹಾಗಾಗಿ ಉಳಿಕೆ 65 ಸೆಂಟ್ ಆಗುತ್ತದೆ. ದರ ಏರಿದ್ದು ನೂರಕ್ಕೆ ಹದಿನಾಲ್ಕರಷ್ಟು, ಉಳಿಕೆ ಏರಿದ್ದು ನೂರಕ್ಕೆ ಅರವತ್ತಕ್ಕೂ ಜಾಸ್ತಿ. ಅದೇ ದರ 3 ಡಾಲರ್‌ಗೆ ಇಳಿದರೆ ಉಳಿಯುವುದು ಬರೀ 15 ಸೆಂಟ್. ಎರಡೂವರೆಗೆ ಇಳಿದರೆ, ಹೆಡ್ಜ್‌ನಿಂದ 25 ಸೆಂಟ್ ಬಂದರೂ 10 ಸೆಂಟ್ ಕೈಯಿಂದ ಹೋಗುತ್ತದೆ. ನೀವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇದು. ದರ ಏರಿದರೆ ಲಾಭ ಸಿಗುತ್ತದೆ, ಏರಿಕೆಗಿಂತ ಜೋರಾಗಿಯೇ ಸಿಗುತ್ತದೆ. ಆದರೆ ಎಷ್ಟು ಸಿಗುತ್ತದೆ ಅನ್ನುವುದು ಬೇಸಿಸ್, ಹೆಡ್ಜ್, ಸಾಗಣೆ ಖರ್ಚು ಮತ್ತು ಸಾಲದ ಮೇಲೆ ನಿಂತಿದೆ. ಈ ನಾಲ್ಕೂ ಪ್ರತಿ ಕಂಪನಿಗೆ ಬೇರೆ ಬೇರೆ. 2022ರಲ್ಲಿ ಹೆನ್ರಿ ಹಬ್ 9 ಡಾಲರ್ ತೋರಿಸುತ್ತಿದ್ದಾಗ ಹಲವು ಕಂಪನಿಗಳು ದೊಡ್ಡ ಪಾಲನ್ನು 3 ಡಾಲರ್ ಆಸುಪಾಸಿಗೆ ಮೊದಲೇ ಕಟ್ಟಿಹಾಕಿಬಿಟ್ಟಿದ್ದವು. ಷೇರುದಾರರಿಗೆ ಹೊಟ್ಟೆ ಉರಿಯಿತು. ಆದರೆ ಅದನ್ನು ಮೂರ್ಖತನ ಅನ್ನಲಾರೆ. 2020ರಲ್ಲಿ ಉಸಿರು ಹಿಡಿದುಕೊಂಡಿದ್ದ ಕಂಪನಿಗಳಿಗೆ ಹೆಡ್ಜ್ ಮಾಡದೆ ಸಾಲ ಕೊಡುವವರೇ ಇರಲಿಲ್ಲ.

ಇನ್ನು ಎಲ್‌ಎನ್‌ಜಿ. ಈ ಕಥೆ ಪೂರ್ತಿ ನಿಜ. ಗ್ಯಾಸನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ದ್ರವವಾಗಿ ಆರುನೂರರಲ್ಲಿ ಒಂದು ಪಾಲು ಜಾಗಕ್ಕೆ ಇಳಿಯುತ್ತದೆ, ಹಡಗಿನಲ್ಲಿ ಕಳಿಸಬಹುದು. 2016ರ ಫೆಬ್ರವರಿಯಲ್ಲಿ ಲೂಯಿಸಿಯಾನಾದ ಸಬೀನ್ ಪಾಸ್‌ನಿಂದ ಮೊದಲ ಹಡಗು ಹೊರಟಿತು. 2023ರ ಹೊತ್ತಿಗೆ ಅಮೆರಿಕವೇ ಜಗತ್ತಿನ ಅತಿ ದೊಡ್ಡ ಎಲ್‌ಎನ್‌ಜಿ ರಫ್ತುದಾರ. ಪ್ಲಾಕ್ವೆಮಿನ್ಸ್ ಸ್ಥಾವರ, ಕಾರ್ಪಸ್ ಕ್ರಿಸ್ಟಿಯ ವಿಸ್ತರಣೆ, ಎರಡೂ 2024ರ ಡಿಸೆಂಬರ್‌ನಲ್ಲಿ ಮೊದಲ ದ್ರವ ತೆಗೆದವು. ಇದರಿಂದ ಅಮೆರಿಕದ ಗ್ಯಾಸ್‌ಗೆ ಹಿಂದೆಂದೂ ಇಲ್ಲದ, ವರ್ಷವಿಡೀ ಕೊಳ್ಳುವ ದೊಡ್ಡ ಗಿರಾಕಿ ಸಿಕ್ಕಿದೆ.

ಆದರೆ ಜಗತ್ತಿನ ದರ ಉತ್ಪಾದಕರ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. 2022ರ ಆಗಸ್ಟ್‌ನಲ್ಲಿ ಯುರೋಪಿನ ಮುಖ್ಯ ಗ್ಯಾಸ್ ದರವಾದ ಟಿಟಿಎಫ್ ಮೆಗಾವ್ಯಾಟ್ ಗಂಟೆಗೆ 300 ಯೂರೋ ದಾಟಿತ್ತು, ಅಂದರೆ ಅಮೆರಿಕದ ದರದ ಹಲವು ಪಟ್ಟು. ಆಗಲೂ ಅಮೆರಿಕದ ಬಾವಿಯವರಿಗೆ ಸಿಕ್ಕಿದ್ದು ಅಮೆರಿಕದ ದರವೇ. ದ್ರವ ಮಾಡುವ ಸ್ಥಾವರಗಳ ಸಾಮರ್ಥ್ಯ ಇಷ್ಟೇ ಅಂತ ಇರುತ್ತದೆ. ಅದಕ್ಕಿಂತ ಒಂದು ಹನಿ ಜಾಸ್ತಿ ಕಳಿಸಲು ಆಗುವುದಿಲ್ಲ. ಸಾಮಾನ್ಯ ಒಪ್ಪಂದದಲ್ಲಿ ವಿದೇಶಿ ಕೊಳ್ಳುವವರು ಹೆನ್ರಿ ಹಬ್ ದರದ ನೂರಕ್ಕೆ 115ರಷ್ಟು ಕೊಟ್ಟು, ಮೇಲೆ ಸ್ಥಾವರದ ನಿಗದಿತ ಶುಲ್ಕ ಕಟ್ಟುತ್ತಾರೆ. ಸಮುದ್ರದಾಚೆಗಿನ ಲಾಭ ಹಡಗಿನ ಒಡೆಯರಿಗೆ, ಸ್ಥಾವರಕ್ಕೆ, ವ್ಯಾಪಾರಿಗಳಿಗೆ ಹಂಚಿಹೋಗುತ್ತದೆ. ಬಾವಿಯವರಿಗೆ ಸಿಗುವುದು ದೇಶದೊಳಗಿನ ದರ ಒಂದಿಷ್ಟು ಬಿಗಿಯಾಗುವ ಅನುಕೂಲ ಮಾತ್ರ.

ಈ ಗಿರಾಕಿ ಕೈಕೊಟ್ಟರೆ ಏನಾಗುತ್ತದೆ ಅನ್ನುವುದನ್ನೂ ನೋಡಿಯಾಗಿದೆ. 2022ರ ಜೂನ್ 8ರಂದು ಟೆಕ್ಸಸ್ ಕರಾವಳಿಯ ಫ್ರೀಪೋರ್ಟ್ ಸ್ಥಾವರದಲ್ಲಿ ಸ್ಫೋಟವಾಗಿ ಬೆಂಕಿ ಬಿತ್ತು. ದಿನಕ್ಕೆ ಸುಮಾರು 200 ಕೋಟಿ ಘನ ಅಡಿ ಗ್ಯಾಸ್ ಹೋಗಲು ದಾರಿ ಇಲ್ಲದೆ ದೇಶದೊಳಗೇ ಉಳಿಯಿತು. ತಿಂಗಳ ಆರಂಭದಲ್ಲಿ 9 ಡಾಲರ್ ದಾಟಿದ್ದ ಹೆನ್ರಿ ಹಬ್ ತಿಂಗಳ ಕೊನೆಗೆ ಐದೂವರೆಗೆ ಬಂತು. ಅತ್ತ ಯುರೋಪಿನಲ್ಲಿ ದರ ಏರಿತು. ಸ್ಥಾವರ ಮತ್ತೆ ಸಾಗಣೆ ಶುರು ಮಾಡಲು 2023ರ ಫೆಬ್ರವರಿಯೇ ಬರಬೇಕಾಯಿತು. ಒಂದೇ ಒಂದು ಸ್ಥಾವರ, ಇಡೀ ಖಂಡದ ದರ. 2020ರ ಬೇಸಿಗೆಯಲ್ಲಿ ಆಗಿದ್ದು ಬೇರೆ ರೀತಿ. ಆಗ ಯುರೋಪ್, ಏಷ್ಯಾಗಳಲ್ಲಿ ದರ ಎಷ್ಟು ಬಿದ್ದಿತ್ತೆಂದರೆ, ನಿಗದಿತ ಶುಲ್ಕ ಕಟ್ಟಿಯೂ ಗ್ಯಾಸ್ ಬೇಡ ಅಂತ ಕೊಳ್ಳುವವರು ನೂರಕ್ಕೂ ಹೆಚ್ಚು ಹಡಗುಗಳ ಸರಕನ್ನು ರದ್ದು ಮಾಡಿದರು. ಸ್ಥಾವರದವರಿಗೆ ಶುಲ್ಕ ಬಂತು. ಬಾವಿಯವರಿಗೆ ಒಂದೂವರೆ ಡಾಲರ್ ಚಿಲ್ಲರೆಯೇ ಗತಿಯಾಯಿತು.

ಇದು ಮತ್ತೆ ಆಗಬಹುದು, ಮತ್ತು ಉತ್ಪಾದಕರ ಮುಂದಿರುವ ದೊಡ್ಡ ಅಪಾಯ ಇದೇ ಅಂತ ನನ್ನ ಅಭಿಪ್ರಾಯ. ಎಲ್‌ಎನ್‌ಜಿ ಸ್ಥಾವರಗಳನ್ನು ಕಟ್ಟುತ್ತಿರುವುದು ಅಮೆರಿಕ ಒಂದೇ ಅಲ್ಲ. ತನ್ನ ಸಾಮರ್ಥ್ಯವನ್ನು ವರ್ಷಕ್ಕೆ 77 ದಶಲಕ್ಷ ಟನ್‌ನಿಂದ 2030ರ ಹೊತ್ತಿಗೆ 142 ದಶಲಕ್ಷ ಟನ್‌ಗೆ ಒಯ್ಯುವುದಾಗಿ ಕತಾರ್ 2024ರಲ್ಲಿ ಹೇಳಿತು. ಕೆನಡಾದ ಕಿಟಿಮಾಟ್‌ನಿಂದ 2025ರ ಮಧ್ಯದಲ್ಲಿ ಮೊದಲ ಹಡಗು ಹೊರಟಿತು. ಕತಾರ್‌ನ ಗ್ಯಾಸ್ ತೆಗೆಯುವ ಖರ್ಚು ಜಗತ್ತಿನಲ್ಲೇ ಅತಿ ಕಡಿಮೆ ಪೈಕಿ ಒಂದು. ಜಗತ್ತಿನ ಮಾರುಕಟ್ಟೆಯಲ್ಲಿ ಎಲ್‌ಎನ್‌ಜಿ ಜಾಸ್ತಿಯಾದರೆ ಮೊದಲು ನಿಲ್ಲುವುದು ಅಮೆರಿಕದ ಹಡಗು, ಯಾಕೆಂದರೆ ಬೇಡ ಅನ್ನುವ ಅವಕಾಶ ಒಪ್ಪಂದದಲ್ಲೇ ಇರುವುದು ಅಲ್ಲಿ. ಹಾಗಾಗಿ ರಫ್ತು ಏರುವ ವರ್ಷಗಳಲ್ಲೂ ನಡುವೆ ಒಂದೆರಡು ಕೆಟ್ಟ ವರ್ಷ ಬರುತ್ತವೆ ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ.

ಡೇಟಾ ಸೆಂಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಕರೆಂಟ್‌ನಲ್ಲಿ ನೂರಕ್ಕೆ ನಲವತ್ತರಷ್ಟು ಈಗಾಗಲೇ ಗ್ಯಾಸ್‌ನಿಂದ ಬರುತ್ತದೆ, ಬೇಡಿಕೆ ಏರಿದರೆ ಅದರ ಪಾಲೂ ಏರುತ್ತದೆ. ಆದರೆ ಹೊಸ ವಿದ್ಯುತ್ ಸ್ಥಾವರ ಬೇಕು, ಗ್ಯಾಸ್ ಟರ್ಬೈನ್‌ಗಳಿಗೆ ವರ್ಷಗಟ್ಟಲೆ ಕಾಯಬೇಕಾದ ಪರಿಸ್ಥಿತಿ. ದರ ತೀರಾ ಏರಿದರೆ ಕಲ್ಲಿದ್ದಲು ಸ್ಥಾವರಗಳನ್ನು ಇನ್ನೂ ಸ್ವಲ್ಪ ಕಾಲ ಓಡಿಸುತ್ತಾರೆ, ಸೌರ ವಿದ್ಯುತ್ ಹೇಗೂ ಬೆಳೆಯುತ್ತಿದೆ. ಒಪ್ಪಂದಕ್ಕೆ ಸಹಿ ಬಿದ್ದು, ಪೈಪ್ ಬಂದು ಸೇರುವ ತನಕ ಅದನ್ನು ಕಂಪನಿಯ ಲಾಭದ ಲೆಕ್ಕಕ್ಕೆ ಸೇರಿಸಬೇಡಿ.

ಒಳ್ಳೆಯ ಸುದ್ದಿಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಈ ಉದ್ಯಮ ಮೊದಲಿನಂತಿಲ್ಲ. 2024ರ ಮಾರ್ಚ್‌ನಲ್ಲಿ ದರ ಬಿದ್ದಾಗ, ಅಮೆರಿಕದ ಅತಿ ದೊಡ್ಡ ಗ್ಯಾಸ್ ಕಂಪನಿಗಳಲ್ಲಿ ಒಂದಾದ ಇಕ್ಯೂಟಿ ದಿನಕ್ಕೆ ಸುಮಾರು 100 ಕೋಟಿ ಘನ ಅಡಿ ಕಡಿತ ಮಾಡಿತು. ದಿವಾಳಿಯಿಂದ ಎದ್ದು ಬಂದ ಚೆಸಪೀಕ್ ಬಾವಿ ಕೊರೆದರೂ ಹರಿಸದೆ ಕಾಯಿಸಿಟ್ಟಿತು. ಗ್ಯಾಸ್ ನೆಲದೊಳಗೇ ಇದ್ದರೆ ಹಾಳಾಗುವುದಿಲ್ಲ, ಒಳ್ಳೆಯ ದರ ಬಂದಾಗ ತೆಗೆದರಾಯಿತು ಅನ್ನುವ ಬುದ್ಧಿ ಬಂತು. ಹತ್ತು ವರ್ಷ ಹಿಂದೆ ಇದನ್ನು ಊಹಿಸುವುದೂ ಕಷ್ಟವಿತ್ತು. ಅದೇ ವರ್ಷ ಚೆಸಪೀಕ್, ಸೌತ್‌ವೆಸ್ಟರ್ನ್ ಜೊತೆ ಸೇರಿ ಎಕ್ಸ್‌ಪ್ಯಾಂಡ್ ಎನರ್ಜಿ ಆಯಿತು. ಇಕ್ಯೂಟಿ ತನ್ನ ಗ್ಯಾಸ್ ಸಾಗಿಸುತ್ತಿದ್ದ ಪೈಪ್‌ಲೈನ್ ಕಂಪನಿ ಇಕ್ವಿಟ್ರಾನ್ಸ್ ಅನ್ನೇ ಕೊಂಡಿತು. ನಮ್ಮ ಉದಾಹರಣೆಯಲ್ಲಿ 90 ಸೆಂಟ್ ಸಾಗಣೆ ಖರ್ಚು ಇತ್ತಲ್ಲ, ಅದರ ಒಂದು ಪಾಲು ಹೀಗೆ ಮನೆಯಲ್ಲೇ ಉಳಿಯುತ್ತದೆ. ಕಂಪನಿಗಳು ಕಡಿಮೆಯಾದಷ್ಟೂ ತಾಳ್ಮೆ ಜಾಸ್ತಿಯಾಗುತ್ತದೆ ಅಂತ ನನಗನಿಸುತ್ತದೆ. ಆದರೆ ದರ 5 ಡಾಲರ್ ಮುಟ್ಟಿ ಆರು ತಿಂಗಳು ನಿಂತಾಗಲೂ ಈ ಶಿಸ್ತು ಉಳಿದರೆ ಮಾತ್ರ ಪೂರ್ತಿ ನಂಬುತ್ತೇನೆ. ಷೇರು ಮಾರುಕಟ್ಟೆಗೆ ಬರದ ಖಾಸಗಿ ಕಂಪನಿಗಳು ದರ ಏರಿದ ಕೂಡಲೇ ಹೇನ್ಸ್‌ವಿಲ್‌ಗೆ ರಿಗ್ ತರುತ್ತವೆ.

ಪ್ರದೇಶ ಯಾವುದು ಅನ್ನುವುದೂ ಮುಖ್ಯ. ಮಾರ್ಸೆಲಸ್‌ನ ಗ್ಯಾಸ್ ಅಗ್ಗ, ಆದರೆ ಹೊರಗೆ ಹೋಗಲು ದಾರಿ ಕಡಿಮೆ. ಅಟ್ಲಾಂಟಿಕ್ ಕೋಸ್ಟ್ ಪೈಪ್‌ಲೈನ್ ಯೋಜನೆ 2020ರಲ್ಲಿ ರದ್ದಾಯಿತು. ಮೌಂಟನ್ ವ್ಯಾಲಿ ಪೈಪ್‌ಲೈನ್ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದು, ಖರ್ಚು ದುಪ್ಪಟ್ಟಾಗಿ, ಕೊನೆಗೆ ಸಂಸತ್ತೇ ಕಾನೂನು ಮಾಡಿದ ಮೇಲೆ 2024ರ ಜೂನ್‌ನಲ್ಲಿ ಶುರುವಾಯಿತು. ಹೇನ್ಸ್‌ವಿಲ್‌ನಲ್ಲಿ ಬಾವಿ ತುಂಬಾ ಆಳ, ಒತ್ತಡ ಜಾಸ್ತಿ, ಖರ್ಚೂ ಜಾಸ್ತಿ. ಆದರೆ ಎಲ್‌ಎನ್‌ಜಿ ಕರಾವಳಿ ಹತ್ತಿರದಲ್ಲೇ ಇದೆ. ದರ 3ಕ್ಕಿಂತ ಕೆಳಗಿದ್ದರೆ ಮಾರ್ಸೆಲಸ್‌ನವರು ಬದುಕುತ್ತಾರೆ, ಹೇನ್ಸ್‌ವಿಲ್‌ನವರು ತಿಣುಕುತ್ತಾರೆ. ದರ 4 ದಾಟಿದರೆ ಹೇನ್ಸ್‌ವಿಲ್‌ನವರ ಷೇರೇ ಜೋರಾಗಿ ಏರುವುದು.

ನನ್ನ ಒಟ್ಟು ಅಂದಾಜು ಹೀಗಿದೆ. 2 ಡಾಲರ್ ದರ ಇನ್ನು ಮೊದಲಿನಷ್ಟು ಕಾಲ ನಿಲ್ಲುವುದಿಲ್ಲ, ರಫ್ತಿನ ಬೇಡಿಕೆ ಅದನ್ನು ಮೇಲೆತ್ತುತ್ತದೆ. 6 ಡಾಲರ್ ಕೂಡ ನಿಲ್ಲುವುದಿಲ್ಲ, ಹೊಸ ಬಾವಿಗಳು ಕೆಳಗೆಳೆಯುತ್ತವೆ. ಮೂರರಿಂದ ನಾಲ್ಕೂವರೆಯ ನಡುವೆ ಹೆಚ್ಚು ಕಾಲ ಕಳೆಯುತ್ತದೆ, ನಡುನಡುವೆ ಎರಡೂ ಕಡೆ ಜೋರಾಗಿ ಜಿಗಿಯುತ್ತದೆ. ಈ ಅಂದಾಜು ತಪ್ಪಾದರೂ ಉಳಿಯಬಲ್ಲ ಕಂಪನಿಯನ್ನೇ ನೀವು ಆರಿಸಬೇಕು.

ಅದಕ್ಕೆ ಮುಂದಿನ ತ್ರೈಮಾಸಿಕ ವರದಿ ಬಂದಾಗ ದರದ ಮುನ್ಸೂಚನೆ ಪುಟವನ್ನು ಬದಿಗಿಡಿ. ಹೆನ್ರಿ ಹಬ್‌ಗೂ ಕಂಪನಿಗೆ ಸಿಕ್ಕ ಸರಾಸರಿ ದರಕ್ಕೂ ಎಷ್ಟು ಅಂತರ ಇದೆ, ಅದು ಕಳೆದ ಸಲಕ್ಕಿಂತ ಹೆಚ್ಚಾಗಿದೆಯಾ ನೋಡಿ. ಮುಂದಿನ ವರ್ಷದ ಎಷ್ಟು ಗ್ಯಾಸ್ ಯಾವ ದರಕ್ಕೆ ಹೆಡ್ಜ್ ಆಗಿದೆ ನೋಡಿ. ಉತ್ಪಾದನೆ ಏರಿಸದೆ ಇದ್ದಷ್ಟೇ ಉಳಿಸಿಕೊಳ್ಳಲು ಎಷ್ಟು ಬಂಡವಾಳ ಬೇಕು ಅಂತ ಕಂಪನಿ ಹೇಳುತ್ತದೆ, ಅದನ್ನು ಕಳೆದ ಮೇಲೆ ಉಳಿಯುವ ಹಣ ಯಾವ ದರಕ್ಕೆ ಸೊನ್ನೆಯಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಎರಡೂವರೆ ಡಾಲರ್‌ಗೂ ಸೊನ್ನೆಯಾಗದ, ಸಾಲ ಇಳಿಸುತ್ತಿರುವ ಕಂಪನಿ ಸಿಕ್ಕರೆ ಅದು ನಿಮ್ಮ ಪಟ್ಟಿಯಲ್ಲಿ ಇರಲಿ. ಮೂರೂವರೆಗೇ ಸೊನ್ನೆಯಾಗುವ ಕಂಪನಿ ನಿಮಗೆ ಇಷ್ಟವಾದರೆ, ನೀವು ಕೊಳ್ಳುತ್ತಿರುವುದು ಬರಲಿರುವ ಚಳಿಗಾಲದ ಮೇಲಿನ ಪಣ ಅಂತ ತಿಳಿದೇ ಕೊಳ್ಳಿ, ಅದಕ್ಕೆ ತಕ್ಕಷ್ಟೇ ದುಡ್ಡು ಹಾಕಿ.